ಬೆಳಿಗ್ಗೆ ಹೋಗಿ ಸಂಜೆ ಬಂದವರು

ಆಟೋ ನಿಂತಾಗ ಸಂಜೆ ಆರೂವರೆ. ಬೆಂಗಳೂರಿನಲ್ಲಿರುವ ನನ್ನ ನಾದಿನಿಯ ಮನೆಯ ಗೇಟಿನ ಮುಂದೆ ನಮ್ಮ ಯಜಮಾನರು ಒಂದು ಕೈಯಲ್ಲಿ ನನ್ನ ಭುಜ, ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲ ಹಿಡಿದು ನಿಧಾನವಾಗಿ ಇಳಿದರು. ಚೀಲದೊಳಗೆ ಯಾರಿಗೂ ಕಾಣದಂತೆ ಯೂರಿನ್ ಬ್ಯಾಗು. ನಾದಿನಿಯ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ನಮ್ಮನ್ನು ನೋಡಿ ಅವರ ಮುಖ ಸಪ್ಪಗಾಯಿತು.

"ಯಾಕಮ್ಮ, ಆಪರೇಷನ್ ಮುಂದಕ್ಕೆ ಹಾಕಿದ್ರಾ?"

"ಇಲ್ಲಮ್ಮ, ಆಗೋಯ್ತು. ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋದ್ರು."

"ಆಗೋಯ್ತಾ? ಮತ್ತೆ ಮನೆಗೆ ಕಳಿಸಿಬಿಟ್ರಾ?"

ಅವರ ಪ್ರಶ್ನೆಯಲ್ಲಿದ್ದ ಗಾಬರಿ ನನ್ನೊಳಗೂ ಇತ್ತು. ಯಾಕೆಂದರೆ ನನ್ನ ಮಟ್ಟಿಗೆ ಪ್ರಾಸ್ಟೇಟ್ ಆಪರೇಷನ್ ಎಂದರೆ 1984ನೇ ಇಸವಿ. ನಾನಾಗ ಒಂಬತ್ತನೇ ತರಗತಿ. ನಮ್ಮ ಅಪ್ಪನಿಗೆ 58 ವರ್ಷ. ಬೆಂಗಳೂರಿನ ಒಂದು ದೊಡ್ಡಾಸ್ಪತ್ರೆಯಲ್ಲಿ ಅವರ ಕಿಬ್ಬೊಟ್ಟೆ ಕುಯ್ದು ಆಪರೇಷನ್ ಮಾಡಿದರು. ಅಮ್ಮ ಸೀಮೆಎಣ್ಣೆ ಸ್ಟವ್ ಮತ್ತು ಒಂದು ಚಾಪೆ ಕಟ್ಟಿಕೊಂಡು ಹೋದವಳು 22 ದಿನ ಬರಲಿಲ್ಲ. ಊರಿನಲ್ಲಿ ಅಜ್ಜಿಯನ್ನೂ ತಮ್ಮಂದಿರಿಬ್ಬರನ್ನೂ ನಾನೇ ನೋಡಿಕೊಂಡೆ. ಸಾರಿಗೆ ಉಪ್ಪು ಎಷ್ಟು ಹಾಕಬೇಕೆಂದು ನಾನು ಕಲಿತದ್ದು ಆ 22 ದಿನಗಳಲ್ಲಿ. ಅಪ್ಪನಿಗೆ ಏನಾಗಿತ್ತು ಎಂದು ಮಾತ್ರ ಯಾರೂ ಹೇಳಲಿಲ್ಲ. "ಹೊಟ್ಟೆ ಆಪರೇಷನ್" ಎಂದಷ್ಟೇ ಊರಿಗೆಲ್ಲ ಹೇಳಿದ್ದು.

ನಾನು ಶಾಲೆಯಲ್ಲಿ ಕಲಿಸುವುದು ಇತಿಹಾಸ. ಯುದ್ಧ, ಒಪ್ಪಂದ, ರಾಜರ ಆಳ್ವಿಕೆಯ ವರ್ಷಗಳನ್ನು ಮೂವತ್ತು ವರ್ಷದಿಂದ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. 22 ದಿನ ಹೇಗೆ ಒಂದು ಹಗಲಾಯಿತು ಎಂಬ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ಸುಮ್ಮನಿರಲಾಗಲಿಲ್ಲ. ಯಜಮಾನರು ಚೇತರಿಸಿಕೊಳ್ಳುತ್ತಿದ್ದ ವಾರಗಳಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ.

ಮೊದಲು ಗ್ರಂಥಿಯ ವಿಷಯ. ಗಂಡಸರ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು, ಒಂದು ದೊಡ್ಡ ನೆಲ್ಲಿಕಾಯಿಯ ಗಾತ್ರದಲ್ಲಿ ಕೂತಿರುತ್ತದೆ. ಪ್ರಾಸ್ಟೇಟ್ ಎಂಬ ಗ್ರೀಕ್ ಮೂಲದ ಹೆಸರಿಗೆ ಮುಂದೆ ನಿಂತವನು ಎಂದು ಅರ್ಥವಂತೆ. ವಯಸ್ಸಾದ ಹಾಗೆ ಇದು ಹಿಗ್ಗುತ್ತದೆ. ಸುಮಾರು 20 ಗ್ರಾಂ ಇರಬೇಕಾದದ್ದು ನೂರು ಗ್ರಾಂ ದಾಟುವುದೂ ಉಂಟು. ಕ್ಯಾನ್ಸರ್ ಅಲ್ಲ, ಬರೀ ಬೆಳವಣಿಗೆ. ಆದರೆ ನಾಳ ಒತ್ತಿಹೋಗುತ್ತದೆ. ರಾತ್ರಿ ನಾಲ್ಕು ಸಲ ಏಳುವುದು, ಬಚ್ಚಲಲ್ಲಿ ಹತ್ತು ನಿಮಿಷ ನಿಲ್ಲುವುದು, ಕೊನೆಗೊಂದು ದಿನ ಪೂರ್ತಿ ಕಟ್ಟಿಕೊಂಡು ಒದ್ದಾಡುವುದು. ಗಂಡಸರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬಚ್ಚಲ ದೀಪ ಎಷ್ಟು ಸಲ ಹತ್ತಿತು ಎಂದು ನಿದ್ದೆಗಣ್ಣಿನಲ್ಲಿ ಲೆಕ್ಕವಿಡುವವಳು ಹೆಂಡತಿ. ನಮ್ಮ ಮನೆಯಲ್ಲೂ ರೋಗವನ್ನು ಮೊದಲು ಕಂಡುಹಿಡಿದದ್ದು ನಾನೇ.

ಸುಶ್ರುತ ಸಂಹಿತೆಯಲ್ಲಿ ಮೂತ್ರಾಘಾತ ಎಂಬ ಅಧ್ಯಾಯವಿದೆ. ಮೂತ್ರ ಕಟ್ಟುವ ಹನ್ನೆರಡು ಬಗೆಗಳನ್ನು ಅದರಲ್ಲಿ ಹೇಳಿದೆ. ಅವುಗಳಲ್ಲಿ ವಾತಾಷ್ಠೀಲಾ ಎಂಬುದು ಮಲಮಾರ್ಗಕ್ಕೂ ಮೂತ್ರಕೋಶಕ್ಕೂ ನಡುವೆ ಕಲ್ಲಿನಂತೆ ಗಟ್ಟಿಯಾಗಿ ಉಬ್ಬಿ ನಿಲ್ಲುವ ಗಂಟು. ನಮ್ಮ ಹಿಂದಿನವರಿಗೆ ಎಲ್ಲವೂ ಗೊತ್ತಿತ್ತು ಎಂದು ಎದೆ ತಟ್ಟಿಕೊಳ್ಳುವ ಅಭ್ಯಾಸ ನನಗಿಲ್ಲ. ಆದರೂ ಆ ವರ್ಣನೆ ಓದಿದಾಗ ಗಂಟು ಇರುವ ಜಾಗವನ್ನು ಯಾರೋ ಕೈಯಿಟ್ಟು ನೋಡಿಯೇ ಬರೆದಿದ್ದಾರೆ ಅನ್ನಿಸಿತು. ಯುರೋಪಿನಲ್ಲಿ ಹಿಗ್ಗಿದ ಪ್ರಾಸ್ಟೇಟನ್ನು ಹೆಣ ಕುಯ್ದು ನೋಡಿ ವಿವರಿಸಿದವನು ಇಟಲಿಯ ಮೋರ್ಗಾಗ್ನಿ, 1761ರ ತನ್ನ ಪುಸ್ತಕದಲ್ಲಿ.

ಗೊತ್ತಾಗಿ ಏನು ಬಂತು? ಬಹುಕಾಲ ಇದಕ್ಕಿದ್ದ ಉಪಾಯ ನಳಿಗೆಯೊಂದೇ. ಅಗ್ನಿಪರ್ವತದ ಬೂದಿಯಲ್ಲಿ ಹೂತುಹೋದ ಪಾಂಪೇ ಪಟ್ಟಣದಲ್ಲಿ ಕಂಚಿನ ಕ್ಯಾತಿಟರುಗಳು ಸಿಕ್ಕಿವೆ. ಮಿಂಚು ಹಿಡಿದ ಗಾಳಿಪಟದ ಕತೆಯಿಂದ ನಮಗೆಲ್ಲ ಗೊತ್ತಿರುವ ಬೆಂಜಮಿನ್ ಫ್ರಾಂಕ್ಲಿನ್ 1752ರಲ್ಲಿ ತನ್ನ ಅಣ್ಣ ಜಾನ್‌ಗಾಗಿ ಬಾಗುವ ಬೆಳ್ಳಿಯ ಕ್ಯಾತಿಟರ್ ಮಾಡಿಸಿ ಕಳಿಸಿದ. ಅಣ್ಣನಿಗಿದ್ದದ್ದು ಮೂತ್ರಕೋಶದ ಕಲ್ಲು, ಆದರೆ ನೋವು ಒಂದೇ ಜಾತಿಯದು. ಹತ್ತೊಂಬತ್ತನೇ ಶತಮಾನದ ಮುದುಕರು ನಳಿಗೆಯನ್ನು ಟೋಪಿಯೊಳಗೋ ಕೈಕೋಲಿನೊಳಗೋ ಬಚ್ಚಿಟ್ಟುಕೊಂಡು ತಿರುಗುತ್ತಿದ್ದರಂತೆ. ಕುದಿಸಿ ತೊಳೆಯಬೇಕೆಂಬ ಜ್ಞಾನ ಆಗಿರಲಿಲ್ಲ. ನಂಜೇರಿ ಜ್ವರ ಬಂದು ಸಾಯುತ್ತಿದ್ದರು.

1890ರ ದಶಕದಲ್ಲಿ ಇನ್ನೊಂದು ದಾರಿ ಹೊರಟಿತು. ಫಿಲಡೆಲ್ಫಿಯಾದ ವಿಲಿಯಂ ವೈಟ್ ಎಂಬ ಶಸ್ತ್ರವೈದ್ಯ ಬೀಜ ತೆಗೆದುಬಿಟ್ಟರೆ ಗ್ರಂಥಿ ಕುಗ್ಗುತ್ತದೆ ಎಂದು ತೋರಿಸಿ 1895ರಲ್ಲಿ ಲೇಖನ ಬರೆದ. ಕುಗ್ಗುವುದೇನೋ ನಿಜ. ಆದರೆ ಸತ್ತವರ ಸಂಖ್ಯೆಯೂ ಸಣ್ಣದಾಗಿರಲಿಲ್ಲ. ಈ ಕ್ರೂರ ಪ್ರಯೋಗದೊಳಗಿದ್ದ ಸತ್ಯ ಮಾತ್ರ ಉಳಿದುಕೊಂಡಿತು: ಗ್ರಂಥಿ ಬೆಳೆಯುವುದು ಗಂಡು ಹಾರ್ಮೋನಿನ ಬಲದಿಂದ. ಅದೇ ಎಳೆ ಹಿಡಿದು ಸುಮಾರು ನೂರು ವರ್ಷದ ನಂತರ, 1992ರಲ್ಲಿ, ಅಮೆರಿಕದಲ್ಲಿ ಫಿನಾಸ್ಟೆರೈಡ್ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ನಮ್ಮ ಯಜಮಾನರೂ ಮೂರು ವರ್ಷ ಮಾತ್ರೆಗಳ ಮೇಲೆಯೇ ಇದ್ದರು.

ನಮ್ಮ ಅಪ್ಪನಿಗೆ ಮಾಡಿದ ಆಪರೇಷನ್ನಿಗೆ ಹೆಸರು ಕೊಟ್ಟವನು ಐರ್ಲೆಂಡಿನ ಪೀಟರ್ ಫ್ರೇಯರ್. ಈತನಿಗೆ ನಮ್ಮ ದೇಶದ ನಂಟಿದೆ. ಇಂಡಿಯನ್ ಮೆಡಿಕಲ್ ಸರ್ವೀಸ್ ಸೇರಿ ಉತ್ತರ ಭಾರತದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ, ಅಲ್ಲಿನ ಜನರ ಮೂತ್ರಕೋಶದ ಕಲ್ಲುಗಳನ್ನು ತೆಗೆದು ತೆಗೆದು ಕೈ ಪಳಗಿಸಿಕೊಂಡವನು. ಲಂಡನ್ನಿಗೆ ಹಿಂತಿರುಗಿದ ಮೇಲೆ 1900ನೇ ಡಿಸೆಂಬರ್ 1ರಂದು ಮುದುಕನೊಬ್ಬನ ಕಿಬ್ಬೊಟ್ಟೆ ತೆರೆದು, ಮೂತ್ರಕೋಶದೊಳಗೆ ಬೆರಳು ಹಾಕಿ, ಹಿಗ್ಗಿದ ಭಾಗವನ್ನು ಇಡಿಯಾಗಿ ಬಿಡಿಸಿ ತೆಗೆದ. ಕಿತ್ತಳೆ ಹಣ್ಣಿನ ತೊಳೆಗಳನ್ನು ಸಿಪ್ಪೆ ಹರಿಯದ ಹಾಗೆ ಬೆರಳಿನಿಂದ ಬಿಡಿಸುವುದನ್ನು ನೆನೆಸಿಕೊಳ್ಳಿ, ಅದೇ ರೀತಿ. ಇದಕ್ಕೂ ಮೊದಲೇ ನ್ಯೂಯಾರ್ಕಿನ ಯೂಜೀನ್ ಫುಲ್ಲರ್ ಇದನ್ನು ಮಾಡಿದ್ದ. ಯಾರು ಮೊದಲು ಎಂದು ಜಗಳವೂ ಆಯಿತು. ಹೆಸರು ಮಾತ್ರ ಫ್ರೇಯರನಿಗೆ ಹೋಯಿತು, ಯಾಕೆಂದರೆ ಆತ ಹನ್ನೆರಡು ವರ್ಷದೊಳಗೆ ಸಾವಿರಕ್ಕೂ ಹೆಚ್ಚು ಜನರಿಗೆ ಇದನ್ನು ಮಾಡಿ ಲೆಕ್ಕ ಒಪ್ಪಿಸಿದ.

ಆಪರೇಷನ್ ಸಲೀಸು, ಆಮೇಲಿನದು ಕಷ್ಟ. ಹೊಟ್ಟೆಯ ಗಾಯದೊಳಗೆ ದಪ್ಪ ರಬ್ಬರ್ ಕೊಳವೆ. ಅದರ ಸುತ್ತ ಮೂತ್ರ ಸೋರಿ ಬಟ್ಟೆಗಳೆಲ್ಲ ನೆನೆಯುತ್ತಿದ್ದವು. ಅವನ್ನು ಹಗಲೂ ರಾತ್ರಿ ಬದಲಾಯಿಸುತ್ತಿದ್ದವರು ನರ್ಸುಗಳು. ಅವರ ಹೆಸರು ಯಾವ ಲೇಖನದಲ್ಲೂ ಇಲ್ಲ. ಅಪ್ಪನ ಕಾಲಕ್ಕೆ ಸೋರುವುದು ಕಡಿಮೆಯಾಗಿತ್ತು. ಆದರೆ ಮಂಚದ ಕೆಳಗಿನ ಗಾಜಿನ ಬಾಟಲಿ ತುಂಬುವುದನ್ನು ಕಾಯುವವರು ಬೇಕಲ್ಲ. ಆಯಾಳನ್ನು ಕೂಗಿದರೆ ಕೈ ನೀಡುತ್ತಿದ್ದಳು. ಅಮ್ಮನೇ ಬಾಟಲಿ ಎತ್ತಿ ಸುರಿಯುತ್ತಿದ್ದಳು. ಡಾಕ್ಟರು ದಿನಕ್ಕೆಷ್ಟು ಬಾಟಲಿ ಎಂದು ಕೇಳುತ್ತಿದ್ದರಂತೆ. ಓದು ಬಾರದ ಅಮ್ಮ ಒಂದು ಬಾಟಲಿಗೆ ಒಂದು ಹುಣಸೆಬೀಜ ಸೆರಗಿನ ಗಂಟಿಗೆ ಹಾಕಿಕೊಂಡು, ಬೆಳಿಗ್ಗೆ ಬಿಚ್ಚಿ ಎಣಿಸಿ ತೋರಿಸುತ್ತಿದ್ದಳು.

ಹೊಟ್ಟೆ ಕುಯ್ಯದೆ ಮೂತ್ರನಾಳದ ದಾರಿಯಲ್ಲೇ ಒಳಗೆ ಹೋಗುವ ಯೋಚನೆಗೆ ಮೂರು ವಸ್ತು ಕೂಡಿಬರಬೇಕಾಯಿತು: ಒಳಗೆ ಬೆಳಕು, ಒಳಗಿನದನ್ನು ತೋರಿಸುವ ಮಸೂರ, ಕತ್ತರಿಸುತ್ತಲೇ ರಕ್ತ ನಿಲ್ಲಿಸುವ ವಿದ್ಯುತ್ತು. ಜರ್ಮನಿಯ ನಿಟ್ಸೆ 1870ರ ದಶಕದ ಕೊನೆಯಲ್ಲಿ ಮೂತ್ರಕೋಶದೊಳಗೆ ಕಣ್ಣಿಟ್ಟು ನೋಡುವ ಸಲಕರಣೆ ಮಾಡಿದ. 1926ರಲ್ಲಿ ಅಮೆರಿಕದ ಸ್ಟರ್ನ್ ತಂತಿಯ ಕುಣಿಕೆಯಲ್ಲಿ ವಿದ್ಯುತ್ ಹರಿಸಿ ಗ್ರಂಥಿಯನ್ನು ಚೂರು ಚೂರಾಗಿ ಕೆತ್ತುವ ಉಪಕರಣ ತಂದ, ಮೆಕಾರ್ಥಿ ಕೆಲವೇ ವರ್ಷಗಳಲ್ಲಿ ಅದನ್ನು ತಿದ್ದಿದ. ಇದೇ ಇವತ್ತಿಗೂ ಡಾಕ್ಟರು ಟಿಯುಆರ್‌ಪಿ ಎನ್ನುವ ಆಪರೇಷನ್. ಹೀಗೆ ಕೆತ್ತಿದ ಮೇಲೆ ಬರುವ ರಕ್ತ ತಡೆಯಲು ಫ್ರೆಡ್ರಿಕ್ ಫೋಲಿ ಎಂಬ ಡಾಕ್ಟರು 1930ರ ದಶಕದಲ್ಲಿ ತುದಿಗೆ ಬಲೂನು ಇರುವ ರಬ್ಬರ್ ನಳಿಗೆ ಮಾಡಿದ. ಪೇಟೆಂಟು ಬೇರೆಯವರ ಪಾಲಾಯಿತು, ಹೆಸರು ಅವನದೇ ಉಳಿಯಿತು. ಇಂದಿಗೂ ಯಾವ ಆಸ್ಪತ್ರೆಯಲ್ಲಾದರೂ ಸಿಸ್ಟರ್ "ಫೋಲೀಸ್ ತಗೊಂಡು ಬಾ" ಎನ್ನುತ್ತಾರೆ.

ಟಿಯುಆರ್‌ಪಿಯಲ್ಲಿ ಗಾಯ ಹೊರಗೆ ಕಾಣುವುದಿಲ್ಲ. ಅಪಾಯವಿಲ್ಲವೆಂದಲ್ಲ. ಹಳೆಯ ಉಪಕರಣಗಳಲ್ಲಿ ಉಪ್ಪುನೀರು ಹರಿಸಿದರೆ ವಿದ್ಯುತ್ತು ಅದರಲ್ಲೇ ಚದುರಿಹೋಗುತ್ತದೆ, ಅದಕ್ಕಾಗಿ ಉಪ್ಪಿಲ್ಲದ ದ್ರವ ಹರಿಸುತ್ತಿದ್ದರು. ಕೆತ್ತನೆ ಹೊತ್ತು ಹಿಡಿದರೆ ಆ ದ್ರವ ರಕ್ತ ಸೇರಿ ಮೈಯೊಳಗಿನ ಸೋಡಿಯಂ ಇಳಿದು ರೋಗಿಗೆ ಬುದ್ಧಿ ಕಲಕುತ್ತಿತ್ತು. ಆದ್ದರಿಂದ ಗ್ರಂಥಿ ತೀರಾ ದೊಡ್ಡದಾಗಿದ್ದರೆ ಮತ್ತೆ ಹೊಟ್ಟೆ ಕುಯ್ಯುವುದೇ ಗತಿ. ಅಪ್ಪನದು ಅಂಥ ಗ್ರಂಥಿ.

ಈ ಕಾಯಿಲೆ ಒಂದು ಸರ್ಕಾರದ ದಿಕ್ಕನ್ನೂ ಬದಲಿಸಿದೆ. 1963ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್‌ಗೆ ಇದ್ದಕ್ಕಿದ್ದಂತೆ ಮೂತ್ರ ಕಟ್ಟಿತು. ಪಕ್ಷದ ಸಮ್ಮೇಳನ ಬಾಗಿಲಲ್ಲಿತ್ತು. ಕ್ಯಾನ್ಸರೇ ಇರಬೇಕು, ತನ್ನ ಕಾಲ ಮುಗಿಯಿತು ಎಂದುಕೊಂಡು ಆಸ್ಪತ್ರೆಯಿಂದಲೇ ರಾಜೀನಾಮೆ ಕೊಟ್ಟರು. ಕ್ಯಾನ್ಸರ್ ಆಗಿರಲಿಲ್ಲ. ಮುಂದೆ 23 ವರ್ಷ ಬದುಕಿ 1986ರಲ್ಲಿ ತಮ್ಮ 92ನೇ ವಯಸ್ಸಿನಲ್ಲಿ ತೀರಿಕೊಂಡರು. ಒಂದು ಸಾಮಾನ್ಯ ಕಾಯಿಲೆಯ ಬಗ್ಗೆ ಸ್ವಲ್ಪ ಮೊದಲೇ ಯಾರೊಂದಿಗಾದರೂ ಬಾಯಿಬಿಟ್ಟಿದ್ದರೆ ಏನಾಗುತ್ತಿತ್ತೋ. ಗಂಡಸರ ಮೌನ ಡೌನಿಂಗ್ ಸ್ಟ್ರೀಟಿನಲ್ಲೂ ಒಂದೇ, ನಮ್ಮ ತೆಂಗಿನ ಸೀಮೆಯಲ್ಲೂ ಒಂದೇ.

ಇನ್ನು ಲೇಸರ್. 1960ನೇ ಮೇ 16ರಂದು ಅಮೆರಿಕದ ಥಿಯೋಡರ್ ಮೈಮನ್ ಕೆಂಪು ಹರಳಿನಿಂದ ಮೊದಲ ಲೇಸರ್ ಕಿರಣ ಹೊರಡಿಸಿದ. ಪ್ರಾಸ್ಟೇಟಿನ ಮೇಲೆ 1990ರ ದಶಕದ ಆರಂಭದಲ್ಲಿ ಪ್ರಯೋಗಿಸಿದ ಲೇಸರುಗಳು ಗ್ರಂಥಿಯನ್ನು ಒಳಗೇ ಬೇಯಿಸುತ್ತಿದ್ದವು. ಬೆಂದದ್ದು ವಾರಗಟ್ಟಲೆ ಸುಲಿದು ಬೀಳುತ್ತಿತ್ತು, ಅಷ್ಟು ದಿನವೂ ಪೈಪು. ದಾರಿ ತೋರಿಸಿದವರು ನ್ಯೂಜಿಲೆಂಡಿನ ಟೌರಂಗ ಎಂಬ ಸಣ್ಣ ಬಂದರು ಪಟ್ಟಣದ ಪೀಟರ್ ಗಿಲ್ಲಿಂಗ್ ಮತ್ತು ಮಾರ್ಕ್ ಫ್ರೌನ್‌ಡಾರ್ಫರ್. ಹೋಲ್ಮಿಯಂ ಎಂಬ ಧಾತುವಿನ ಲೇಸರನ್ನು ಅವರು ಹಿಡಿದುಕೊಂಡರು. ಸ್ವೀಡನ್ನಿನ ಸ್ಟಾಕ್‌ಹೋಮ್ ಪಟ್ಟಣದ ಲ್ಯಾಟಿನ್ ಹೆಸರೇ ಈ ಧಾತುವಿನದೂ. ಇದರ ಕಿರಣವನ್ನು ನೀರು ಕೂಡಲೇ ಹೀರಿಕೊಳ್ಳುವುದರಿಂದ ಅದು ಅರ್ಧ ಮಿಲಿಮೀಟರಿಗಿಂತ ಆಳಕ್ಕೆ ಇಳಿಯುವುದಿಲ್ಲ. ಕುಯ್ಯುವುದೂ ರಕ್ತನಾಳ ಮುಚ್ಚುವುದೂ ಒಟ್ಟಿಗೇ ನಡೆಯುತ್ತವೆ. ಹರಿಸುವುದು ಉಪ್ಪುನೀರೇ ಆದ್ದರಿಂದ ಸೋಡಿಯಂ ಇಳಿಯುವ ಭಯ ಹೋಯಿತು.

1990ರ ದಶಕದ ಕೊನೆಯ ಹೊತ್ತಿಗೆ ಅವರು ಮಾಡಿದ್ದೇನು ಗೊತ್ತೆ? ಫ್ರೇಯರನ ಕಿತ್ತಳೆ ಹಣ್ಣಿಗೇ ಮರಳಿದರು. ಕೆತ್ತುವುದನ್ನು ಬಿಟ್ಟು, ಬೆರಳು ಹೋಗುತ್ತಿದ್ದ ಅದೇ ಸಿಪ್ಪೆ ಮತ್ತು ತೊಳೆಯ ಸಂದಿನಲ್ಲಿ ಲೇಸರ್ ಎಳೆಯನ್ನು ನಡೆಸಿ, ಹಿಗ್ಗಿದ ಭಾಗವನ್ನು ಇಡಿಯಾಗಿ ಬಿಡಿಸಿ ಮೂತ್ರಕೋಶದೊಳಗೆ ತಳ್ಳಿದರು. ಅಷ್ಟು ದೊಡ್ಡದು ಹೊರಗೆ ಬರುವುದು ಹೇಗೆ? ಅದಕ್ಕೊಂದು ಪುಟ್ಟ ಯಂತ್ರ, ನಮ್ಮ ಮಿಕ್ಸಿಯ ತಂಗಿ. ಒಳಗೇ ಪುಡಿ ಮಾಡಿ ಹೀರಿಕೊಳ್ಳುತ್ತದೆ. ನಮ್ಮ ಯಜಮಾನರಿಗೆ ಮಾಡಿದ್ದು ಇದೇ.

ಮೆಲ್ಬರ್ನಿನ ವೈದ್ಯರು 2003ರಲ್ಲೇ, ಗ್ರಂಥಿ ಅಷ್ಟೇನೂ ದೊಡ್ಡದಿಲ್ಲದವರನ್ನು ಹೀಗೆ ಆಪರೇಷನ್ ಮಾಡಿ ಅದೇ ದಿನ ಮನೆಗೆ ಕಳಿಸಿದ ಅನುಭವವನ್ನು ಪ್ರಕಟಿಸಿದ್ದರು. ಆಮೇಲೆ ಲೇಸರಿನ ಮಿಡಿತವನ್ನೇ ಎರಡಾಗಿ ಒಡೆದು, ಮೊದಲ ಭಾಗ ನೀರನ್ನು ಸೀಳಿ ದಾರಿ ಬಿಟ್ಟುಕೊಟ್ಟರೆ ಎರಡನೆಯದು ಗುರಿ ಮುಟ್ಟುವ ಹಾಗೆ ಮಾಡಿದರು. ಸಮುದ್ರ ಸೀಳಿದ ಬೈಬಲಿನ ಪ್ರವಾದಿಯ ನೆನಪಿಗೆ ಅದಕ್ಕೆ ಮೋಸೆಸ್ ಎಂದೇ ಹೆಸರು. ರಕ್ತ ಇನ್ನಷ್ಟು ಕಡಿಮೆಯಾಯಿತು. 2020ರಲ್ಲಿ ಕೋವಿಡ್ ಬಂದು ಆಸ್ಪತ್ರೆಗಳಲ್ಲಿ ಹಾಸಿಗೆಯೇ ಇಲ್ಲವಾದಾಗ ಅದೇ ದಿನ ಮನೆಗೆ ಕಳಿಸುವುದು ಇನ್ನೂ ಹಲವು ಕಡೆ ನಡೆಯಿತು. ಎರಡನೇ ಮಹಾಯುದ್ಧದಲ್ಲೂ ಹೀಗೇ ಆಗಿತ್ತು. ಆಪರೇಷನ್ ಆದವರು ವಾರಗಟ್ಟಲೆ ಅಲುಗಾಡದೆ ಮಲಗಬೇಕೆಂಬ ಹಳೆಯ ಕಟ್ಟಳೆಯನ್ನು ಮುರಿದದ್ದರಲ್ಲಿ ಹಾಸಿಗೆಗಳ ಕೊರತೆಯ ಪಾಲು ದೊಡ್ಡದು.

ಬೆಳಿಗ್ಗೆ ಕುಯ್ದು ಸಂಜೆ ಮನೆಗೆ ಕಳಿಸುವ ಯೋಚನೆಯಾದರೂ ಹೊಸದಲ್ಲ. ಗ್ಲಾಸ್ಗೋದ ಜೇಮ್ಸ್ ನಿಕಲ್ ಹತ್ತು ವರ್ಷಗಳಲ್ಲಿ 8,988 ಮಕ್ಕಳಿಗೆ ಆಪರೇಷನ್ ಮಾಡಿ ಆಯಾ ದಿನವೇ ಮನೆಗೆ ಕಳಿಸಿದ್ದಾಗಿ 1909ರಲ್ಲಿ ವರದಿ ಮಾಡಿದ. ಹಸುಗೂಸು ವಾರ್ಡಿನಲ್ಲಿ ಅಳುವುದಕ್ಕಿಂತ ತಾಯಿಯ ತೋಳಿನಲ್ಲಿ ಬೇಗ ವಾಸಿಯಾಗುತ್ತದೆ ಎಂಬುದು ಅವನ ವಾದ. ಇದನ್ನು ಓದಿ ತಲೆದೂಗಿದೆ. ಮುಂದಿನ ಮಾತಿನಲ್ಲಿ ನಿಂತುಬಿಟ್ಟೆ. ಆ ಮಕ್ಕಳ ಮನೆಗಳಿಗೆ ಆಸ್ಪತ್ರೆಯ ನರ್ಸುಗಳು ಹೋಗಿ ನೋಡಿ ಬರುತ್ತಿದ್ದರಂತೆ.

ನಮ್ಮ ಮನೆಗೆ ಯಾರು ಬಂದರು? ಇಂಗ್ಲಿಷಿನ ಎರಡು ಹಾಳೆ, ಒಂದು ಫೋನ್ ನಂಬರು, ಒಂದು ಚೀಲ ಮಾತ್ರೆ. ಸ್ಪೈನಲ್ ಇಂಜೆಕ್ಷನ್ನಿನ ಜೋಮು ಇಳಿದು ನಾಲ್ಕು ಹೆಜ್ಜೆ ನಡೆದದ್ದನ್ನು ನೋಡಿ ಡಾಕ್ಟರು ಹೊರಡಿ ಎಂದರು. ಬ್ಯಾಗು ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೇ ಇರಬೇಕೆಂದು ಸಿಸ್ಟರ್ ಅವಸರದಲ್ಲಿ ಒಂದು ಸಲ ಹೇಳಿದ್ದರು. ನಾದಿನಿಯ ಅತ್ತೆ ಮಡಿವಂತರು, ನೆಲಕ್ಕೆ ತಾಗಬಾರದೆಂದು ಅದನ್ನೆತ್ತಿ ಮಂಚದ ಮೇಲಿಟ್ಟಿದ್ದರು. ಪುಣ್ಯಕ್ಕೆ ನಾನು ನೋಡಿದೆ.

ರಾತ್ರಿ ಹತ್ತಕ್ಕೆ ಪೈಪಿನಲ್ಲಿ ಬರುತ್ತಿದ್ದದ್ದು ನೀರು ಬೆರೆಸಿದ ದಾಳಿಂಬೆ ರಸದ ಬಣ್ಣ. ಒಂದು ಗಂಟೆಗೆ ಗಾಢವಾಯಿತು. ನಂಬರಿಗೆ ಫೋನ್ ಮಾಡಿದೆ. ನಿದ್ದೆ ಹರಿಯದ ದನಿ ಕೇಳಿತು: "ಹರೀತಿದೆಯಾ, ನಿಂತಿದೆಯಾ? ಗಡ್ಡೆ ಗಡ್ಡೆ ಬರ್ತಿದೆಯಾ?" ಹರಿಯುತ್ತಿದೆ, ಗಡ್ಡೆಯಿಲ್ಲ ಎಂದೆ. "ಹಾಗಾದ್ರೆ ಚೆನ್ನಾಗಿ ನೀರು ಕುಡಿಸಿ. ನಿಂತರೆ ಕೂಡಲೇ ಕರ್ಕೊಂಡು ಬನ್ನಿ." ಅಷ್ಟೇ. ತಪ್ಪು ಹೇಳಲಿಲ್ಲ. ಆದರೆ ನಿಂತರೆ ಎಂಬ ಆ ಮಾತು ಹಿಡಿದುಕೊಂಡು ಬೆಳಗಿನವರೆಗೆ ಕೂತವಳು ನಾನು. ಮಕ್ಕಳ ಉತ್ತರಪತ್ರಿಕೆಗೆ ಬಳಸುವ ಕೆಂಪು ಪೆನ್ನಿನಲ್ಲಿ, ಎಷ್ಟು ಗಂಟೆಗೆ ಎಷ್ಟು ಕುಡಿದರು, ಎಷ್ಟು ಬಂತು ಎಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆದೆ. ಮೂರು ಗಂಟೆಗೆ ಹುಣಸೆಬೀಜದ ಗಂಟು ನೆನಪಾಯಿತು. ವಾರ್ಡಿನಲ್ಲಿ ಅಮ್ಮನ ಪಕ್ಕದ ಮಂಚಗಳ ಕೆಳಗೂ ಯಾರೋ ಹೆಂಗಸರು ಚಾಪೆ ಹಾಸಿ ಕೂತಿದ್ದರು, ಕೂಗಿದರೆ ಬೈದುಕೊಂಡಾದರೂ ಬರುವ ಸಿಸ್ಟರ್ ಇದ್ದರು. ನನಗಿದ್ದದ್ದು ಫ್ಯಾನಿನ ಸದ್ದು.

ಬೇಡ ಎನ್ನುತ್ತಿಲ್ಲ. ಅಪ್ಪನ ಹೊಟ್ಟೆಯ ಮೇಲಿದ್ದ ಉದ್ದನೆಯ ಗಾಯ ನೋಡಿದವಳು ನಾನು. 22 ದಿನದ ಊಟ, ಬಸ್ಸು, ಸಾಲದ ಲೆಕ್ಕವೂ ಗೊತ್ತು. ಆದರೆ ಆಸ್ಪತ್ರೆ ಉಳಿಸಿದ ದಿನಗಳು ಎಲ್ಲಿಗೂ ಮಾಯವಾಗಲಿಲ್ಲ, ಮನೆಗೆ ಬಂದವು. ಹೆಂಡತಿ ಇಲ್ಲದವರು, ಹೆಂಡತಿಗೇ ಎದ್ದು ಓಡಾಡಲಾಗದವರು, ಆಸ್ಪತ್ರೆಯಿಂದ ನೂರು ಮೈಲಿ ದೂರದವರು ಅದೇ ದಿನ ಹೊರಡಲು ಒಪ್ಪಬಾರದು. ಬಲ್ಲ ಡಾಕ್ಟರು ಕಳಿಸುವುದೂ ಇಲ್ಲ. ಕಳಿಸುವ ಮೊದಲು ಮನೆಯಲ್ಲಿ ಯಾರಿದ್ದಾರೆ ಎಂದು ನಮ್ಮನ್ನೂ ಕೇಳಿದರು. "ನಮ್ಮನೆಯವರು ಇದ್ದಾರಲ್ಲ" ಎಂದು ಇವರು ನನ್ನ ಪರವಾಗಿ ಉತ್ತರ ಕೊಟ್ಟರು.

ಇನ್ನೊಂದು ಮಾತು, ಸಂಕೋಚವಾದರೂ ಹೇಳಬೇಕು. ಈ ಆಪರೇಷನ್ ಆದ ಹೆಚ್ಚಿನ ಗಂಡಸರಲ್ಲಿ ವೀರ್ಯ ಹೊರಗೆ ಬಾರದೆ ಮೂತ್ರಕೋಶದ ಕಡೆಗೆ ಹಿಂದೆ ಹೋಗುತ್ತದೆ. ಅಪಾಯವೇನಿಲ್ಲ. ಡಾಕ್ಟರು ಇದನ್ನು ಹೇಳುವಾಗ "ಮೇಡಂ, ಒಂದು ನಿಮಿಷ ಹೊರಗೆ ಕೂತಿರಿ" ಎಂದರು. ಬಾಟಲಿ ಎತ್ತುವಾಗ ಯಾರೂ ಹೊರಗೆ ಕೂರಿಸುವುದಿಲ್ಲ.

ಮರುದಿನ ಆಸ್ಪತ್ರೆಗೆ ಹೋಗಿ ಪೈಪು ತೆಗೆಸಿ ಬಂದೆವು. ಧಾರೆ ಚೆನ್ನಾಗಿ ಬಂತು, ಇವರ ಮುಖ ಅರಳಿತು. ವಿಷಯ ತಿಳಿಸಲು ಎಂಬತ್ತು ದಾಟಿದ ಅಮ್ಮನಿಗೆ ಫೋನ್ ಮಾಡಿದೆ. ಲೇಸರ್ ಎಂದರೆ ಏನೆಂದು ಅವಳು ಕೇಳಲಿಲ್ಲ. "ರಾತ್ರಿ ಎಷ್ಟು ಸಲ ಎದ್ದೆ?" ಎಂದಳು.

ಪೈಪು ತೆಗೆದ ಮೇಲೆ ಕೆಲವು ವಾರ ತಡೆಯಿಲ್ಲದೆ ಒಂದಿಷ್ಟು ಸೋರುವುದು ಮಾಮೂಲಿ, ಕೆಮ್ಮಿದರೂ ಸೀನಿದರೂ. ಭಾರ ಎತ್ತಬಾರದು, ಸ್ಕೂಟರ್ ಮುಟ್ಟಬಾರದು, ಮಲ ಕಟ್ಟಬಾರದು. ಊರಿಗೆ ಬಂದ ಮೇಲೆ ಪ್ಯಾಡು ಬೇಕಾಯಿತು. ಮೊದಲ ಎರಡು ಪ್ಯಾಕೆಟ್ ನಾನೇ ತಂದೆ. ಮೂವತ್ತು ವರ್ಷದ ಸಂಸಾರದಲ್ಲಿ ನನಗಾಗಲಿ ಮಗಳಿಗಾಗಲಿ ಒಂದು ದಿನ ಮೆಡಿಕಲ್ ಸ್ಟೋರಿನಿಂದ ಪ್ಯಾಡು ತಂದುಕೊಟ್ಟವರಲ್ಲ ಇವರು. ಮೂರನೆಯದನ್ನು ನೀವೇ ತನ್ನಿ, ಡಾಕ್ಟರು ನಡೆಯಲು ಹೇಳಿದ್ದಾರಲ್ಲ ಎಂದೆ. ಹೋದವರು ಬಹಳ ಹೊತ್ತು ಬರಲಿಲ್ಲ. ಅಂಗಡಿಯಲ್ಲಿ ಜನ ಕರಗಲಿ ಎಂದು ಎದುರಿನ ಹೋಟೆಲಿನಲ್ಲಿ ಎರಡು ಕಾಫಿ ಕುಡಿದರಂತೆ. ಬಂದು ಮೇಜಿನ ಮೇಲಿಟ್ಟರು. ಹುಡುಗ ನೀಟಾಗಿ ನ್ಯೂಸ್ ಪೇಪರಿನಲ್ಲಿ ಸುತ್ತಿ, ಮೇಲೊಂದು ಕಪ್ಪು ಕವರು ಹಾಕಿ ಕೊಟ್ಟಿದ್ದ.